ಕಲ್ಲು ಓದಿದ ಮೇರಿ ಆ್ಯನಿಂಗ್

ಹೂರಾದಲ್ಲಿ ಸಂಜೆ ಕಡಲ ಕಡೆ ನಡೆದು ಹೋಗುವ ನಮಗೆ ಸಮುದ್ರ ಅಂದರೆ ಗಾಳಿ, ಹರಟೆ, ಒಂದು ಕಪ್ ಕರಕ್ ಚಹಾ. ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಸಣ್ಣ ಊರಿನ ಹುಡುಗಿಯೊಬ್ಬಳಿಗೆ ಸಮುದ್ರ ಅಂದರೆ ಅವತ್ತಿನ ಊಟ. ಅವಳೇ ಮೇರಿ ಆ್ಯನಿಂಗ್.

ಮೇರಿ ಹುಟ್ಟಿದ್ದು 1799ರ ಮೇ 21ರಂದು. ಅಪ್ಪ ರಿಚರ್ಡ್ ಬಡಗಿ. ಹುಟ್ಟಿದ ಅಷ್ಟೂ ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಬದುಕಿದ್ದು ಮೇರಿ ಮತ್ತು ಅಣ್ಣ ಜೋಸೆಫ್ ಇಬ್ಬರೇ. ಅಪ್ಪ ದಂಡೆಯಲ್ಲಿ ಸಿಗುವ ಪಳೆಯುಳಿಕೆಗಳನ್ನು ಆಯ್ದು ಪ್ರವಾಸಿಗರಿಗೆ ಮಾರುತ್ತಿದ್ದ, ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. 1810ರಲ್ಲಿ ಅವನು ಸಾಲ ಬಿಟ್ಟು ತೀರಿಕೊಂಡ. ಆಮೇಲೆ ಆ ಕಲ್ಲುಗಳೇ ಮನೆಗೆ ಆಧಾರವಾದವು.

ಸುಮಾರು 20 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಆರಂಭದಲ್ಲಿ, ಆ ಜಾಗ ಸಮುದ್ರದ ತಳವಾಗಿತ್ತು. ಸತ್ತ ಪ್ರಾಣಿಗಳು ಕೆಸರಿನಲ್ಲಿ ಹೂತವು, ಕೆಸರು ಪದರ ಪದರವಾಗಿ ಕಲ್ಲಾಯಿತು. (ನಮ್ಮ ದಕ್ಷಿಣ ಕರ್ನಾಟಕದಲ್ಲಿ ಇಂಥದ್ದು ಸಿಗಲ್ಲ. ಅಲ್ಲಿನ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯವು, ಆಗ ಮೂಳೆಯಿರುವ ಪ್ರಾಣಿಯೇ ಹುಟ್ಟಿರಲಿಲ್ಲ.) ಚಳಿಗಾಲದ ಬಿರುಗಾಳಿಗೆ ಲೈಮ್‌ನ ಕಡಿದಾದ ದಂಡೆ ಕುಸಿದಾಗ ಮೂಳೆಗಳು ಹೊರಬರುತ್ತವೆ. ತಡ ಮಾಡಿದರೆ ಅಲೆ ಕೊಚ್ಚಿಕೊಂಡು ಹೋಗುತ್ತೆ. ಹಾಗಾಗಿ ಬೇರೆಯವರು ಬೆಂಕಿ ಕಾಯಿಸುವ ಹೊತ್ತಿಗೇ ಮೇರಿಗೆ ಕೆಲಸ. 1833ರ ಒಂದು ಕುಸಿತದಲ್ಲಿ ಅವಳ ನಾಯಿ ಟ್ರೇ ಸತ್ತುಹೋಯಿತು, ಮೇರಿ ಸ್ವಲ್ಪದರಲ್ಲೇ ಪಾರಾದಳು.

1811ರಲ್ಲಿ ಜೋಸೆಫ್‌ಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. ಮರುವರ್ಷ ಮೇರಿ ಉಳಿದ ಅಸ್ಥಿಪಂಜರ ಹುಡುಕಿದಳು. ಜನ ಮೊಸಳೆ ಅಂದುಕೊಂಡರು, ಆದರೆ ಅದು ಮೀನಿನಾಕಾರದ ಸರೀಸೃಪ, ಇಕ್ತಿಯೋಸಾರ್. 23 ಪೌಂಡಿಗೆ ಮಾರಾಟವಾಯಿತು. ಆ ತಲೆಬುರುಡೆ ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಓದು ಅಂತ ಮೇರಿಗೆ ಸಿಕ್ಕಿದ್ದು ಚರ್ಚಿನ ಭಾನುವಾರದ ಶಾಲೆ ಅಷ್ಟೇ. ವಿಜ್ಞಾನದ ಲೇಖನಗಳನ್ನು ಎರವಲು ತಂದು, ಚಿತ್ರಗಳ ಸಮೇತ ಕೈಯಲ್ಲೇ ನಕಲು ಮಾಡಿಕೊಂಡಳು. ಮೀನು, ಬೊಂಡಾಸ್‌ಗಳನ್ನು ಕೊಯ್ದು ಒಳಗಿನ ರಚನೆ ಕಲಿತಳು. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಉಂಡೆಕಲ್ಲುಗಳನ್ನು ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ! ಅವು ಕಲ್ಲಾದ ಮಲ ಎಂದು ವಿಲಿಯಂ ಬಕ್‌ಲ್ಯಾಂಡ್ ಗುರುತಿಸಲು ಈ ಗಮನಿಕೆಯೇ ನೆರವಾಯಿತು.

1823ರಲ್ಲಿ ಸಿಕ್ಕಿದ್ದು ಪೂರ್ತಿ ಪ್ಲೀಸಿಯೊಸಾರ್: ಪುಟ್ಟ ತಲೆ, ಹಾವಿನಂಥ ಉದ್ದ ಕತ್ತು, ದೋಣಿಯ ಹುಟ್ಟಿನಂಥ ನಾಲ್ಕು ಕಾಲು. ಇಷ್ಟುದ್ದದ ಕತ್ತು ಸಾಧ್ಯವೇ ಎಂದು ಪ್ಯಾರಿಸ್ಸಿನ ಮಹಾ ವಿಜ್ಞಾನಿ ಜಾರ್ಜ್ ಕ್ಯುವಿಯೇಗೆ ಅನುಮಾನ. ಮೋಸ ಅಂತ ತೀರ್ಮಾನವಾಗಿದ್ದರೆ ಮೇರಿಯ ಅನ್ನಕ್ಕೇ ಕಲ್ಲು ಬೀಳುತ್ತಿತ್ತು. 1824ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಚರ್ಚೆಯಾಯಿತು. ಮೂಳೆಗಳು ಅಸಲಿ ಎಂದಾಯಿತು, ಕ್ಯುವಿಯೇ ತಪ್ಪೊಪ್ಪಿಕೊಂಡರು. ಆದರೆ ಆ ಸಭೆಯಲ್ಲಿ ಮೇರಿ ಇರಲಿಲ್ಲ, ಹೆಂಗಸರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ವಿಲಿಯಂ ಕಾನಿಬೇರ್ ಅಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವಳ ಹೆಸರೂ ಇರಲಿಲ್ಲ.

1828ರಲ್ಲಿ ಹಾರುವ ಸರೀಸೃಪವೂ ಅವಳ ಕಣ್ಣಿಗೇ ಬಿತ್ತು. ಹೆಸರು ಬಂತು, ಹಣ ನಿಲ್ಲಲಿಲ್ಲ. ಕೂಡಿಟ್ಟದ್ದು ಕೈತಪ್ಪಿದಾಗ ಬಕ್‌ಲ್ಯಾಂಡ್ ಓಡಾಡಿ ವರ್ಷಕ್ಕೆ 25 ಪೌಂಡ್ ವೇತನ ಕೊಡಿಸಿದರು. 1847ರ ಮಾರ್ಚ್ 9ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮೇರಿಗೆ 47 ವರ್ಷ. ಆ ಸೊಸೈಟಿ ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ.

ನಾವಿರುವ ಬಹರೈನಿನ ಮುತ್ತಿನ ಕಥೆಯೂ ಹೀಗೇ ಅಲ್ವಾ? ಮುತ್ತು ಕೊಂಡವರ ಹೆಸರು ಉಳಿಯಿತು, ಉಸಿರು ಬಿಗಿಹಿಡಿದು ಮುಳುಗಿದವರದ್ದು ಹೆಚ್ಚಾಗಿ ಉಳಿಯಲಿಲ್ಲ. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನೇ ತೆಗೆದು ನೋಡಿ. ಗೈಡ್ ಹೆಸರು ಮೊದಲ ಪುಟದಲ್ಲಿ, ಲ್ಯಾಬಿನಲ್ಲಿ ಸ್ಯಾಂಪಲ್ ಜೋಡಿಸಿಕೊಟ್ಟವರ ಹೆಸರು ಎಲ್ಲೂ ಇಲ್ಲ. ಈ ಸಲ ಬರೆಯೋಣ, ಒಂದು ಸಾಲಾದರೂ.