ಲೆಮೂರಿಯಾ ಖಂಡದ ಕಥೆ: ಲೆಮೂರ್, ಕಾಡುಪಾಪ ಮತ್ತು ಇಂಗ್ಲೆಂಡಿನ ಒಬ್ಬ ವಕೀಲ

ಚೆನ್ನೈ: ಅಣ್ಣಾ ನಗರವಿರಲಿ, ಮಧುರೈ ಇರಲಿ, ತಮಿಳುನಾಡಿನಲ್ಲಿ ಓದಿ ಬೆಳೆದವರಿಗೆ ಕಡಲು ನುಂಗಿದ ಕುಮರಿ ಕಂಡಂ ಕಥೆ ಹೊಸದಲ್ಲ. ಅದಕ್ಕೆ ಅಂಟಿಕೊಂಡಿರುವ ಇನ್ನೊಂದು ಹೆಸರು ಲೆಮೂರಿಯಾ. ಆದರೆ ಈ ಹೆಸರು ತಮಿಳಿನದ್ದಲ್ಲ, ಯಾವ ಪುರಾಣದ್ದೂ ಅಲ್ಲ. ಮಡಗಾಸ್ಕರ್‌ನ ಲೆಮೂರ್ ಪ್ರಾಣಿಯ ನೆನಪಿನಲ್ಲಿ ಇಂಗ್ಲೆಂಡಿನ ವಕೀಲರೊಬ್ಬರು ಇಟ್ಟಿದ್ದು!

ಅವರೇ ಫಿಲಿಪ್ ಲಟ್ಲಿ ಸ್ಕ್ಲೇಟರ್. 1829ರಲ್ಲಿ ಹ್ಯಾಂಪ್‌ಶೈರ್‌ನಲ್ಲಿ ಜನನ, ಆಕ್ಸ್‌ಫರ್ಡ್‌ನಲ್ಲಿ ಓದು. ವಕೀಲಿ ವೃತ್ತಿ ಹಿಡಿದರೂ ಮನಸ್ಸು ಹಕ್ಕಿಗಳ ಹಿಂದೆಯೇ. 1858ರಲ್ಲಿ ಹಕ್ಕಿಗಳನ್ನು ಆಧರಿಸಿ ಇಡೀ ಭೂಮಿಯನ್ನು 6 ವಲಯಗಳಾಗಿ ವಿಂಗಡಿಸಿದರು. 1860ರಿಂದ 40 ವರ್ಷಕ್ಕೂ ಹೆಚ್ಚು ಕಾಲ ಲಂಡನ್ ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿಯಾಗಿದ್ದರು.

ಅವರನ್ನು ಕಾಡಿದ್ದು ಒಂದು ಪ್ರಶ್ನೆ. ಮಡಗಾಸ್ಕರ್ ಇರುವುದು ಆಫ್ರಿಕಾದ ಮಗ್ಗುಲಲ್ಲಿ. ಆದರೂ ಆಫ್ರಿಕಾದ ಸಿಂಹ, ಆನೆ, ಮಂಗ ಅಲ್ಲಿಲ್ಲ. ಅಲ್ಲಿ ತುಂಬಿರುವುದು ಲೆಮೂರ್. ಅದರ ನೆಂಟರು ಆಫ್ರಿಕಾದಲ್ಲಷ್ಟೇ ಅಲ್ಲ, ಸಾಗರದ ಈಚೆ ದಕ್ಷಿಣ ಭಾರತ, ಶ್ರೀಲಂಕಾದಲ್ಲೂ ಇದ್ದಾರೆ. ನಮ್ಮ ಕಾಡುಪಾಪ, ತಮಿಳರ ದೇವಾಂಗು ಅದೇ ಬಳಗದ್ದು. ಅಂಗೈಯಗಲದ ಪ್ರಾಣಿ ಸಾಗರ ದಾಟಿದ್ದು ಹೇಗೆ? ನಡುವೆ ಇದ್ದ ಖಂಡವೊಂದು ಮುಳುಗಿರಬೇಕು ಎಂದು 1864ರಲ್ಲಿ ಸ್ಕ್ಲೇಟರ್ ಬರೆದರು. ಅದಕ್ಕೆ ಲೆಮೂರಿಯಾ ಎಂದರು.

ಮುಂದೆ ಹೆಸರು ಅವರ ಕೈ ತಪ್ಪಿತು. ಜರ್ಮನಿಯ ಹೆಕೆಲ್ ಅದನ್ನು ಮನುಕುಲದ ತೊಟ್ಟಿಲೆಂದರು. 1885ರ ಮದ್ರಾಸ್ ಪ್ರೆಸಿಡೆನ್ಸಿಯ ಆಡಳಿತ ಕೈಪಿಡಿಗೂ ಅದು ಬಂತು. ನಂತರ ತಮಿಳು ವಿದ್ವಾಂಸರು ಸಂಗಂ ಸಾಹಿತ್ಯದ ಕಡಲ್ಕೊರೆತಕ್ಕೆ ಅದನ್ನು ಜೋಡಿಸಿದರು. ಸ್ಕ್ಲೇಟರ್ ಬರೆದಿದ್ದು ಮಾತ್ರ ಬರೀ ಸಸ್ತನಿಗಳ ಬಗ್ಗೆ.

ಅವರ ಊಹೆ ತಪ್ಪಿದ್ದು ಇದೊಂದೇ ಸಲವಲ್ಲ. 1901ರಲ್ಲಿ ಚರ್ಮದ ತುಂಡುಗಳನ್ನಷ್ಟೇ ನೋಡಿ ಒಕಾಪಿಯನ್ನು ಕುದುರೆ ಕುಲಕ್ಕೆ ಸೇರಿಸಿದ್ದರು. ಅದು ಜಿರಾಫೆಯ ಸಂಬಂಧಿ!

1912ರಲ್ಲಿ ವೆಗೆನರ್ ಖಂಡಗಳೇ ಸರಿಯುತ್ತವೆ ಎಂದರು. ಮರುವರ್ಷ 83ನೇ ವಯಸ್ಸಿನಲ್ಲಿ ಸ್ಕ್ಲೇಟರ್ ತೀರಿಕೊಂಡರು. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಲೆಮೂರ್‌ಗಳ ಪೂರ್ವಿಕರು ಅದಾದ ಬಹಳ ಕಾಲದ ಮೇಲೆ ಆಫ್ರಿಕಾದಿಂದ ತೇಲುವ ಗಿಡಮರಗಳ ಮೇಲೆ ಬಂದರು ಎಂಬುದು ಈಗಿನ ಬಹುತೇಕ ವಿಜ್ಞಾನಿಗಳ ಅಭಿಪ್ರಾಯ.

ಖಂಡ ಮುಳುಗಲಿಲ್ಲ, ಆದರೆ ಪ್ರಾಣಿಗಳು ಮುಳುಗುತ್ತಿವೆ. 2020ರ ಐಯುಸಿಎನ್ ಪಟ್ಟಿಯ ಪ್ರಕಾರ 107 ಲೆಮೂರ್ ಪ್ರಭೇದಗಳಲ್ಲಿ 103 ಅಪಾಯದಲ್ಲಿವೆ. ಮಾಟಮಂತ್ರದ ನಂಬಿಕೆಗೆ ಕಾಡುಪಾಪಗಳೂ ಬಲಿಯಾಗಿವೆ. ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರಿನಲ್ಲಿ ದೇಶದ ಮೊದಲ ಕಾಡುಪಾಪ ಅಭಯಾರಣ್ಯ ಘೋಷಿಸಿತು. ಕರ್ನಾಟಕದಲ್ಲಿ ತುಮಕೂರು ಬಳಿಯ ನಾಗವಲ್ಲಿಯಲ್ಲಿ ಇವು ಊರಿನ ಮಗ್ಗುಲಲ್ಲೇ ಬದುಕುತ್ತಿವೆ.