ಕ್ಯೂ ಲೆಕ್ಕ ಹಾಕಿದ ಎರ್ಲಾಂಗ್

ರಿಸಲ್ಟ್ ದಿನ ಸರ್ವರ್ ತೆವಳಿದರೆ ನಾವೆಲ್ಲ ಬೈಯುವವರೇ. ಆದರೆ ಆ ತೆವಳಾಟದ ಗಣಿತವನ್ನು ಶುರು ಮಾಡಿದ್ದು ಟೆಲಿಫೋನ್ ಕಾಲದ ಎ.ಕೆ. ಎರ್ಲಾಂಗ್. 1878ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಇವರು 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದರು. ಇಷ್ಟು ಕರೆಗಳಿಗೆ ಎಷ್ಟು ಲೈನು ಸಾಕು? ಹೆಚ್ಚಾದರೆ ದುಡ್ಡು ದಂಡ, ಕಮ್ಮಿಯಾದರೆ ಜನ ಕಾಯಬೇಕು. ಬರೀ ಕುರ್ಚಿ ಗಣಿತಜ್ಞರಲ್ಲ ಬಿಡಿ. ಕೇಬಲ್‌ನಿಂದ ಸೋರುವ ಕರೆಂಟು ಅಳೆಯಲು ಮ್ಯಾನ್‌ಹೋಲ್‌ಗೂ ಇಳಿಯುತ್ತಿದ್ದರು.

1909 ಮತ್ತು 1917ರ ಪ್ರಬಂಧಗಳಲ್ಲಿ ಉತ್ತರ ಕೊಟ್ಟರು. ಕರೆಗಳು ಗಡಿಯಾರ ನೋಡ್ಕೊಂಡು ಬರಲ್ಲ, ಗುಂಪಾಗಿ ನುಗ್ಗುತ್ತವೆ. ನಮ್ಮ ರಿಕ್ವೆಸ್ಟ್‌ಗಳೂ ಹಾಗೇ. ಸರಳ ಕ್ಯೂ ಮಾಡೆಲ್‌ನಲ್ಲಿ ಡಿಸ್ಕ್ ಶೇ. 50 ಬಿಝಿ ಇದ್ದರೆ ಒಂದು ಕೆಲಸಕ್ಕೆ ಸರಾಸರಿ 2 ಪಟ್ಟು ಸಮಯ, ಶೇ. 90 ಆದರೆ 10 ಪಟ್ಟು! ಸಿಪಿಯು ಆರಾಮಾಗಿ ಕೂತಿದ್ದರೂ ಸೈಟ್ ಒದ್ದಾಡೋದು ಇದಕ್ಕೇ.

1929ರಲ್ಲಿ, 51ನೇ ವಯಸ್ಸಿಗೇ ತೀರಿಕೊಂಡರು. 1946ರಲ್ಲಿ ಟೆಲಿಫೋನ್ ಟ್ರಾಫಿಕ್ ಅಳೆಯುವ ಯೂನಿಟ್‌ಗೆ ಅವರ ಹೆಸರೇ ಬಂತು.