ಮೈಕಟ್ಟಿನ ಮೇಷ್ಟ್ರು ಕೆ.ವಿ.ಅಯ್ಯರ್

ಕೊತ್ತಪಲ್ಲಿ: ಕಬಡ್ಡಿ ಆಡುವ ಹುಡುಗನ ಕಾಲು ಉಳುಕಿದರೆ ನಮ್ಮ ಗಡಿ ಹಳ್ಳಿಗಳಲ್ಲಿ ಮೊದಲು ಹುಡುಕುವುದು ಎಣ್ಣೆ ಹಾಕಿ ನೀವುವವರನ್ನು. ದೇಹವನ್ನು ಅರಿತು ದುಡಿಸಬೇಕು ಎಂದು ಕಲಿಸಿದ ಕೆ.ವಿ.ಅಯ್ಯರ್ ಅವರನ್ನು ಇಂಥ ಹೊತ್ತಿನಲ್ಲಿ ನೆನೆಯಬೇಕು.

ಅವರು ಹುಟ್ಟಿದ್ದು 1897ರಲ್ಲಿ, ನಮ್ಮಂತೆಯೇ ತೆಲುಗು, ಕನ್ನಡ ಎರಡೂ ಆಡುವ ಕೋಲಾರ ಸೀಮೆಯ ದೇವರಾಯಸಮುದ್ರದಲ್ಲಿ. 1922ರಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ತೆರೆದರು. ಬಾರ್‌ಬೆಲ್ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಸೇರಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ದೂರದವರಿಗೆ ಅಂಚೆಯಲ್ಲೇ ಪಾಠ ಕಳಿಸಿದರು. ಅನಾರೋಗ್ಯದಲ್ಲಿದ್ದ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ವ್ಯಾಯಾಮ ಹೇಳಿಕೊಟ್ಟರು. ಅರಸರ ನೆರವಿನಿಂದ 1940ರಲ್ಲಿ ಜೆ.ಸಿ.ರಸ್ತೆಯ ವ್ಯಾಯಾಮಶಾಲೆ ಎದ್ದಿತು.

‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಓದಿದ ಎಷ್ಟೋ ಮಂದಿಗೆ ಅವನ್ನು ಬರೆದವರೂ ಇದೇ ಅಯ್ಯರ್ ಎಂಬುದು ಗೊತ್ತಿಲ್ಲ. 1980ರಲ್ಲಿ ತೀರಿಕೊಂಡರು.

ದೇಹವನ್ನು ಅರಿಯುವ ಆ ಪಾಠ ನಮ್ಮ ಆಟದ ಬಯಲಿಗೂ ಬೇಕು. ಆಡಿ ದಣಿದು ಬಿಗಿದ ಮಾಂಸಖಂಡವನ್ನು ಹಗುರಾಗಿ ನೀವಿದರೆ ಹಿತ. ಆದರೆ ಈಗಷ್ಟೇ ಉಳುಕಿ ಬಾತ ಜಾಗವನ್ನು ನೀವಬಾರದು, ಬಾವು ಹೆಚ್ಚುತ್ತದೆ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಡಿ, ಕಾಲನ್ನು ಎತ್ತರಕ್ಕಿಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಕಾಲು ಸೊಟ್ಟಗಾಗಿದ್ದರೆ, ಮೂಳೆ ಮುಟ್ಟಿದರೆ ತೀರಾ ನೋವಾದರೆ ಎಕ್ಸ್‌ರೇ ಆಗಲೇಬೇಕು. ಮುರಿದ ಮೂಳೆಯನ್ನು ಉಳುಕೆಂದು ನೀವಿದರೆ ಹುಡುಗನ ಆಟವೇ ಮುಗಿದೀತು.